ಏಕಸದಸ್ಯ ಆಯೋಗದ ಮುಂದೆ ಕೊಹಿನೂರ

ಕೊಹಿನೂರ, ಬಸವಕಲ್ಯಾಣ ತಾಲೂಕು
೯ ಜೂನ್ ೨೦೨೫

ಪ್ರೀತಿಯ ರತ್ನಕ್ಕಾ, ಜೈ ಭೀಮ್.

ನಿನ್ನ ಸೊಂಟನೋವು ಹೇಗಿದೆ? ಪುಣೆಯ ಆ ಗೋದಾಮಿನಲ್ಲಿ ಪಾರ್ಸಲ್ ಎತ್ತುವವರಿಗೆ ಕೂರಲು ಒಂದು ಸ್ಟೂಲನ್ನಾದರೂ ಕೊಟ್ಟರೋ ಇಲ್ಲವೋ? ಇಲ್ಲಿ ಅಪ್ಪ, ಅವ್ವ ಆರಾಮ. ಅಜ್ಜಿ ಹೋಗಿ ಮೂರು ತಿಂಗಳಾದರೂ ಅವ್ವ ಇನ್ನೂ ಒಂದು ರೊಟ್ಟಿ ಹೆಚ್ಚಿಗೇ ಬಡಿಯುತ್ತಾಳೆ; ಅದನ್ನು ನಾನು ತಿನ್ನುತ್ತೇನೆ. ಫೋನ್ ಬಿಟ್ಟು ಕಾಗದ ಯಾಕೆಂದರೆ, ಅಪ್ಪ ಸ್ಪೀಕರ್ ಹಾಕಿ ಅರ್ಧ ಓಣಿಯನ್ನು ಕೂಡಿಸಿಕೊಂಡೇ ಮಾತಾಡುವುದು.

ವಿಷಯ ಗಂಭೀರ. ಈ ತಿಂಗಳ ಇಪ್ಪತ್ತರೊಳಗೆ ನಾನು ಫಾರ್ಮ್ ತುಂಬಬೇಕು. ನಾನು ಐಟಿಐ ಸೇರಿ ಎಲೆಕ್ಟ್ರಿಶಿಯನ್ ಆಗಬೇಕೆಂದು ಅಪ್ಪನ ಹಟ. ನನಗೆ ಹುಮನಾಬಾದಿನಲ್ಲಿ ನರ್ಸಿಂಗ್ ಓದಬೇಕು. ಅದು ಅಪ್ಪನಿಗೆ ಇನ್ನೂ ಗೊತ್ತಿಲ್ಲ. ಗೆಳೆಯ ಶೈಲೇಶ ಹೊಟ್ಟೆ ಹಿಡಿದು ನಕ್ಕು, "ಹೆಣ್ಮಕ್ಕಳ ಕೆಲಸಕ್ಕ ಹೊಂಟೀಯೇನಲೇ?" ಅಂದ. ನಮ್ಮ ಮೇಷ್ಟ್ರು ಕಣ್ಣು ಒದ್ದೆ ಮಾಡಿಕೊಂಡು, ಇದು ಸೇವೆಯ ತುಡಿತ ಎಂದರು. ಎರಡೂ ಅಲ್ಲ. ಹಾಗಾದರೆ ಮನುಷ್ಯ ಯಾವ ಕಾರಣಕ್ಕೆ ಒಂದು ಕೆಲಸ ಹಿಡಿಯುತ್ತಾನೆ? ಇದರ ತನಿಖೆಗೆ ಏಕಸದಸ್ಯ ಆಯೋಗವೊಂದನ್ನು ರಚಿಸಿ, ನನ್ನನ್ನು ನಾನೇ ಅವಿರೋಧವಾಗಿ ನೇಮಿಸಿಕೊಂಡೆ. ಕೂತಲ್ಲಿ ಕೂರಲಾಗದೆ ನಾಲ್ಕು ದಿನ ಬಸವಕಲ್ಯಾಣಕ್ಕೂ ಹುಮನಾಬಾದಿಗೂ ಬಸ್ಸಿನಲ್ಲಿ ಅಲೆದದ್ದನ್ನು ಆಯೋಗದ ಪ್ರವಾಸ ಎಂದು ಓದಿಕೊಳ್ಳತಕ್ಕದ್ದು.

ಮೊದಲ ಸಾಕ್ಷಿ ಬಸವಕಲ್ಯಾಣದ ದರ್ಜಿ ಸೈಫುದ್ದೀನ್ ಚಾಚಾ. ಮೂವತ್ತು ವರ್ಷದ ಕಸುಬು. ಕಲೆ, ಪರಂಪರೆ ಎಂದೇನಾದರೂ ಹೇಳಿಯಾರೆಂದು ಪೆನ್ನು ಹಿಡಿದೆ. "ಹೊಲದಾಗ ಹಾವು ಇರ್ತಾವಲ್ಲೋ ಬೇಟಾ, ಅಂಗಡ್ಯಾಗ ಇರಂಗಿಲ್ಲ" ಎಂದು ಸೂಜಿಗೆ ದಾರ ಪೋಣಿಸಿದರು. ನಮ್ಮೂರ ಅಂಗನವಾಡಿಯ ಸೋನುಬಾಯಿ ಟೀಚರ್, "ಇದೆಲ್ಲ ಯಾಕ ಬರಕೊಳ್ಳಾಕತ್ತಿ?" ಎಂದು ಗದರಿ, ಆಮೇಲೆ ದನಿ ತಗ್ಗಿಸಿ, "ದಿನಾ ಆರು ತಾಸು ಅತ್ತಿ ಮುಂದ ಕೂಡೂದು ತಪ್ಪತಲ್ಲ, ಇನ್ನೇನ ಬೇಕು? ಯಾರ ಮುಂದೂ ಹೇಳಬ್ಯಾಡ" ಎಂದರು. ಅದಕ್ಕೇ ನಿನ್ನೊಬ್ಬಳಿಗೆ ಹೇಳುತ್ತಿದ್ದೇನೆ.

ಕೊನೆಯ ಸಾಕ್ಷಿ ಅಪ್ಪ. ಹೊಲದ ಕೂಲಿ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದ. ಕರೆಂಟಿನ ಕೆಲಸವೇ ಯಾಕೆ ಎಂದೆ. ಚರಿಗೆ ಕೆಳಗಿಟ್ಟು, "ಲೈನ್‌ಮನ್ ಬಂದ್ರ ಪಾಟೀಲರ ಮನ್ಯಾಗೂ ಕುರ್ಚಿ ಹಾಕ್ತಾರೋ. ನಾ ಆ ಮನಿಗಿ ಇಪ್ಪತ್ ವರ್ಷ ದುಡದೀನಿ. ನಿಂತೇ ಮಾತಾಡೀನಿ" ಅಂದ. ಆಯೋಗ ಪೆನ್ನು ಜೇಬಿಗಿಟ್ಟು, ಕಾಲೊರೆಸಲು ಅಪ್ಪನಿಗೆ ಟವೆಲ್ ತಂದುಕೊಟ್ಟಿತು. ಅಂದಿನಿಂದ ಫಾರ್ಮ್ ತೆಗೆಯುತ್ತೇನೆ, ಮಡಚುತ್ತೇನೆ, ಮತ್ತೆ ತೆಗೆಯುತ್ತೇನೆ. ಅಂಥ ಕಾರಣದ ಎದುರಿಗೆ ನನ್ನದನ್ನು ಇಡಲು ನಾಲಿಗೆ ಏಳುವುದಿಲ್ಲ. ನೀನು ಹೇಳಿದರೆ ಅಪ್ಪ ಕೇಳುತ್ತಾನೆ. ಹೇಳುತ್ತೀಯಾ?

ಹೊತ್ತಿಗೆ ಸರಿಯಾಗಿ ಉಣ್ಣು. ಸೊಂಟಕ್ಕೆ ಬಿಸಿನೀರು ಹಾಕಿಕೋ, ಆಯೋಗದ ಆಜ್ಞೆ.

ನಿನ್ನ ತಮ್ಮ,
ಸಂಘಪಾಲ
(ಅಧ್ಯಕ್ಷ, ಕಾರ್ಯದರ್ಶಿ ಮತ್ತು ಜವಾನ)

ತಾ.ಕ.: ಅಜ್ಜಿ ಹೋದ ದಿನ ನೀನು ಫೋನಿನಲ್ಲಿ ಅಳುತ್ತಾ, "ಹತ್ರ ಯಾರಿದ್ರೋ?" ಎಂದು ಕೇಳಿದ್ದೆ. "ನಾನೇ ಇದ್ದೆ ಅಕ್ಕಾ, ಕೈ ಹಿಡ್ಕೊಂಡಿದ್ದೆ" ಅಂದೆ. ಸುಳ್ಳು. ಹುಮನಾಬಾದಿನ ಆಸ್ಪತ್ರೆಯಲ್ಲಿ ಪೇಶಂಟಿನ ಕಡೆಯವರೆಲ್ಲ ಹೊರಗೆ ಹೋಗಿ ಎಂದರು. ಅಂಬಲಿಯ ಡಬ್ಬಿ ಹಿಡಿದು ಬಾಗಿಲಿನ ಗಾಜಿನಾಚೆ ನಿಂತಿದ್ದೆ. ಕೈ ಹಿಡಿದಿದ್ದದ್ದು ಒಬ್ಬ ನರ್ಸ್. ಹೆಸರೂ ಕೇಳಲಿಲ್ಲ ನಾನು. ಆ ಬಾಗಿಲಿನೊಳಗೆ ನಿಲ್ಲಬಲ್ಲ ಕೆಲಸ ಬೇಕು, ಅಷ್ಟೇ ನನ್ನ ಕಾರಣ. ಅಪ್ಪನಿಗೆ ಫೋನ್ ಮಾಡುವ ಮೊದಲು ನನಗೆ ಬೈದುಬಿಡು.