ಎರಡನೇ ಬ್ರೇಕು

ಸ್ಕೂಲಿನ ಆಫೀಸು, ಒಂದು ಕಾಲು ಗಿಡ್ಡವಾದ ಅದೇ ಮೇಜು
ಹದಿನಾರನೇ ತಾರೀಖು, ಮಧ್ಯಾಹ್ನ

ಸಮಸ್ತ ಹೆದ್ದಾರಿ ಮಂಡಲಾಧೀಶ್ವರ, ಕ್ಲಚ್ಚನ್ನು ತೃಣಸಮಾನವಾಗಿ ತ್ಯಜಿಸಿದ ಮಹಾತ್ಯಾಗಿ, ಆಟೊಮ್ಯಾಟಿಕ್ ಕಾರುಗಳ ಏಕಚ್ಛತ್ರಾಧಿಪತಿ, ಅಪ್ಪನ ಎದುರು ಬಾಯಿ ಬಿಟ್ಟು ಆಮೇಲೆ ಊರು ಬಿಟ್ಟ ರಣಧೀರ, ಎಂಟು ತಿಂಗಳಿಂದ ಮನೆಯ ಫೋನು ಎತ್ತದ ಮೌನವ್ರತ ಧುರಂಧರ, ನನ್ನ ಒಬ್ಬನೇ ಒಬ್ಬ (ಇನ್ನೊಬ್ಬನಿದ್ದಿದ್ದರೆ ಇವನನ್ನು ಯಾವತ್ತೋ ಬದಲಾಯಿಸಿಕೊಳ್ಳುತ್ತಿದ್ದೆ) ಅಣ್ಣನವರ ದಿವ್ಯ ಸನ್ನಿಧಾನಕ್ಕೆ, ತಂಗಿಯಾದವಳು ತಲೆ ಬಾಗದೆ, ಕೈ ಮುಗಿಯದೆ, ಹಲ್ಲು ಕಡಿಯುತ್ತ ಮಾಡುವ ವಿಜ್ಞಾಪನೆ.

ತಾವು ಕ್ಷೇಮವೆಂದು ಭಾವಿಸಿದ್ದೇನೆ. ತಿಳಿಸುವ ಅಭ್ಯಾಸ ತಮಗಿಲ್ಲದ್ದರಿಂದ ಭಾವಿಸುವುದೊಂದೇ ನಮಗೆ ಉಳಿದಿರುವ ದಾರಿ. ಆ ಹೊಸ ಊರಿನ ಹೊಸ ಡ್ರೈವಿಂಗ್ ಸ್ಕೂಲಿನಲ್ಲಿ ಕಾರುಗಳಿಗೆ ಎರಡೇ ಪೆಡಲಂತೆ. ತಮ್ಮ ಎಡಗಾಲು ಕೆಲಸವಿಲ್ಲದೆ ಸೊರಗಿಲ್ಲ ತಾನೇ? ಸಂಜೆ ಹೊತ್ತಾದರೂ ಅದನ್ನು ಸ್ವಲ್ಪ ತಿರುಗಾಡಿಸಿಕೊಂಡು ಬನ್ನಿ. ಇಲ್ಲಿ ಅಜ್ಜಿಯ ಮಂಡಿ ಮೊದಲಿನಷ್ಟೇ ನೋಯುತ್ತದೆ, ನಾಲಿಗೆ ಮೊದಲಿಗಿಂತ ಚುರುಕಾಗಿದೆ. ಅಮ್ಮ ಚೆನ್ನಾಗಿದ್ದಾಳೆ. ಅಪ್ಪನ ವಿಷಯ ಮುಂದೆ ಬರುತ್ತದೆ. ಈ ‘ತಾವು’ ಇಲ್ಲಿಗೆ ಸಾಕು, ಕೈ ನೋಯುತ್ತಿದೆ. ಇನ್ನು ನೀನು ನೀನೇ. ಫೋನಿನಲ್ಲಾದರೆ ಮನೆಯ ನಂಬರು ಕಂಡ ಕೂಡಲೇ ಬದಿಗಿಟ್ಟುಬಿಡುತ್ತೀ. ಕಾಗದವನ್ನು ಹರಿದು ಎಸೆಯಬೇಕಾದರೂ ಮೊದಲು ಕೈಗೆ ತೆಗೆದುಕೊಳ್ಳಲೇಬೇಕಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ವಿಷಯ ಇದು. ಸ್ಕೂಲಿನ ಲೈಸೆನ್ಸು ಈ ತಿಂಗಳ ಇಪ್ಪತ್ತಕ್ಕೆ ಮುಗಿಯುತ್ತದೆ. ಹೊಸದು ಬೇಕಾದರೆ ಫಾರಮ್ಮಿನಲ್ಲಿ ಕಲಿಸುವವರ ಹೆಸರು ಬರೆದು, ಅವರು ಗಟ್ಟಿಮುಟ್ಟಾಗಿದ್ದಾರೆಂದು ಡಾಕ್ಟರ ಸಹಿ ಹಾಕಿಸಬೇಕು. ಅಪ್ಪನ ಬಲಗಾಲು ನೋಡಿದ ಡಾಕ್ಟರು ಪೆನ್ನಿಗೆ ಮುಚ್ಚಳ ಹಾಕಿಬಿಟ್ಟರು. ಸಕ್ಕರೆ ಕಾಯಿಲೆ ಕಾಲಿಗೆ ಇಳಿದಿದೆ, ಪಾದ ಅರ್ಧ ಮರಗಟ್ಟಿದೆ ಎಂದರು. ಇದನ್ನೇ ನೀನು ಎಂಟು ತಿಂಗಳ ಹಿಂದೆ, ದುಡ್ಡು ಕೊಟ್ಟು ಕಲಿಯಲು ಬಂದ ಮೂವರ ಎದುರು ಬಾಯಿ ತುಂಬ ಹೇಳಿದ್ದೆ: “ನಿಮ್ಮ ಕಾಲು ನಿಮಗೇ ಗೊತ್ತಾಗ್ತಿಲ್ಲ, ಇನ್ನೊಬ್ಬರ ಕಾಲಿಗೇನು ಪಾಠ ಹೇಳ್ತೀರಿ?” ನೀನು ಹೇಳಿದ್ದು ನಿಜ ಎನ್ನುವುದೇ ನಿನ್ನ ಮೇಲಿನ ನನ್ನ ಸಿಟ್ಟಿಗೆ ದೊಡ್ಡ ಕಾರಣ. ಸುಳ್ಳಾಗಿದ್ದರೆ ಹಾಳಾಗಿ ಹೋಗಲಿ ಎಂದು ಕ್ಷಮಿಸಬಹುದಿತ್ತು.

ಅಂತೂ ಫಾರಮ್ಮಿಗೆ ಉಳಿದದ್ದು ಎರಡು ಹೆಸರು, ನಿನ್ನದು ಮತ್ತು ನನ್ನದು. ನಿನ್ನ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಊಟದ ಮೇಜಿನ ಮೇಲೆ ಅದು ಪಾತ್ರೆಗಳ ನಡುವೆ ಕೂತೇ ಇತ್ತು. ನನ್ನ ಹೆಸರನ್ನು ನಾನೇ ಹೇಳಿದೆ. ಅಪ್ಪ ತಟ್ಟೆಯಿಂದ ತಲೆ ಎತ್ತದೆ ನನಗೆ, “ನಿನ್ನ ಪಕ್ಕ ಕೂತು ನನಗೆ ಒಂದು ದಿನಕ್ಕೂ ಕಾಲು ಎತ್ತೋಕಾಗಿಲ್ಲ” ಅಂದರು. ಕಾಲು ಎತ್ತುವುದೆಂದರೇನು ಎಂದು ನಿನಗೆ ಗೊತ್ತು, ಆದರೂ ಎರಡು ಪೆಡಲಿನ ಲೋಕದಲ್ಲಿ ಮರೆತಿರಬಹುದೆಂದು ನೆನಪಿಸುತ್ತೇನೆ. ನಮ್ಮ ಕಾರಿನಲ್ಲಿ ಕಲಿಸುವವರ ಸೀಟಿನ ಕೆಳಗೂ ಒಂದು ಬ್ರೇಕು ಇದೆ. ಕಲಿಯುವವರು ಎಷ್ಟೇ ಬುದ್ಧಿವಂತರಾಗಿರಲಿ, ಅಪ್ಪನ ಬಲಗಾಲು ಅದರ ಮೇಲೆ ಕಾವಲು ಕೂತಿರುತ್ತದೆ. ಯಾರ ಮೇಲೆ ಪೂರ್ತಿ ನಂಬಿಕೆ ಬರುತ್ತದೋ ಅವತ್ತು ಅಪ್ಪ ಚಪ್ಪಲಿ ಕಳಚಿ, ಎರಡೂ ಕಾಲು ಸೀಟಿನ ಮೇಲೆ ಎತ್ತಿಟ್ಟು ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ. ಸರ್ಕಾರ ಕೊಡುವ ಲೈಸೆನ್ಸು ಆಮೇಲಿನ ಮಾತು, ನಮ್ಮಲ್ಲಿ ಪಾಸು ಎಂದರೆ ಅದು. ನಿನಗೆ ಹದಿನೆಂಟು ತುಂಬಿದ ವಾರವೇ ಎತ್ತಿದ್ದರು. ಅಂಗಡಿಯ ಗಾಜಿಗೆ ಕಾರು ಗುದ್ದಿದ ಆ ಕನ್ನಡಕದ ಮೇಷ್ಟರಿಗೂ ಕೊನೆಗೊಂದು ದಿನ ಎತ್ತಿದ್ದರು. ನನಗೆ ಈಗ ಇಪ್ಪತ್ತೆರಡು.

ಆಗ ಅಮ್ಮ ಇತಿಹಾಸದಲ್ಲಿ ಮೊದಲ ಸಲ ಈ ವಿಷಯಕ್ಕೆ ಬಾಯಿ ಹಾಕಿದಳು. “ನಾಲ್ಕು ದಿನ ಅವಳೇ ಓಡಿಸ್ಲಿ. ನಾನೂ ಸಮುದ್ರ ನೋಡ್ದಂಗಾಗುತ್ತೆ. ನೀವು ಕಾಲು ಎತ್ತಿದ್ರೆ ಅವಳ ಹೆಸರು ಬರೀರಿ, ಇಲ್ದಿದ್ರೆ ದೊಡ್ಡವನಿಗೆ ನೀವೇ ಕಾಗದ ಬರೀರಿ.” ಅಪ್ಪನ ಮುಖ ನೋಡಬೇಕಿತ್ತು. ನಿನಗೆ ಕಾಗದ ಬರೆಯುವುದಕ್ಕಿಂತ ಹಿಮ್ಮುಖವಾಗಿ ಸಮುದ್ರದವರೆಗೆ ಕಾರು ಓಡಿಸುವುದು ಅವರಿಗೆ ಸುಲಭ. ಹೀಗೆ ಸಾವಿರದ ನಾನೂರು ಕಿಲೋಮೀಟರಿನ ನನ್ನ ಪರೀಕ್ಷೆಗೆ ಮನೆಯವರೆಲ್ಲ ಪ್ರವಾಸ ಎಂದು ಹೆಸರಿಟ್ಟರು.

ಹತ್ತನೇ ತಾರೀಖು ಬೆಳಿಗ್ಗೆ ಆರಕ್ಕೆ ಹೊರಟೆವು. ನೆತ್ತಿಯ ಮೇಲೆ ಸ್ಕೂಲಿನ ಹಳದಿ ಬೋರ್ಡು, ಹಿಂದೆ ಮುಂದೆ ಕೆಂಪು ‘ಎಲ್’. ಪ್ರವಾಸಕ್ಕಾದರೂ ಅದನ್ನು ಬಿಚ್ಚೋಣ ಎಂದೆ. ಇನ್ನೂ ಬಿಚ್ಚುವಂಥದ್ದೇನೂ ಆಗಿಲ್ಲವೆಂದು ಉತ್ತರ ಬಂತು. ಆ ಬೋರ್ಡು ಹೊತ್ತು ಎರಡು ಗಡಿ ದಾಟಿದೆವು ಅಣ್ಣಾ. ಗಡಿ ದಾಟಿದಂತೆ ರಸ್ತೆ ಬದಿಯ ಅಕ್ಷರಗಳು ಬದಲಾದವು, ಬೈಗುಳಗಳು ಬದಲಾದವು, ನಗು ಮಾತ್ರ ಎಲ್ಲ ಕಡೆ ಒಂದೇ. ಲಾರಿಯವರು ಪಕ್ಕಕ್ಕೆ ಬಂದು, ಬೋರ್ಡು ನೋಡಿ, ಕಿಟಕಿಯಿಂದ ತಲೆ ಹೊರಹಾಕಿ ಹಲ್ಲು ಬಿಡುತ್ತಿದ್ದರು. ನಮ್ಮ ಭಾಷೆ ಅಷ್ಟಿಷ್ಟು ಬರುತ್ತಿದ್ದ ಒಬ್ಬ ಪೆಟ್ರೋಲ್ ಬಂಕಿನವನು, ಊರಿನಿಂದಲೂ ಕಲಿಯುತ್ತಲೇ ಬಂದಿರಾ ಎಂದು ಬಹಳ ಗೌರವದಿಂದ ವಿಚಾರಿಸಿದ. ಅಪ್ಪ, ಹೌದು, ಇನ್ನೂ ಕಲಿತಿಲ್ಲ ಅಂದರು.

ಕಾರಿನೊಳಗೆ ಯುದ್ಧಕಾಲದ ಪರಿಸ್ಥಿತಿ. ಅಪ್ಪ ನನ್ನ ಜೊತೆ ನೇರ ಮಾತು ಬಿಟ್ಟಿದ್ದರು. ಒಂದು ಮೊಳ ಪಕ್ಕದಲ್ಲಿ ಕೂತು, ಹಿಂದಿದ್ದ ಅಮ್ಮನಿಗೆ, ನಿನ್ನ ಮಗಳಿಗೆ ಮೂರನೇ ಗೇರು ಹಾಕೋಕೆ ಹೇಳು ಎನ್ನುತ್ತಿದ್ದರು. ಅಮ್ಮ ನಿಷ್ಠೆಯಿಂದ ದಾಟಿಸುತ್ತಿದ್ದಳು. ಸಂದೇಶ ತಲುಪುವ ಹೊತ್ತಿಗೆ ನಾನು ನಾಲ್ಕರಲ್ಲಿರುತ್ತಿದ್ದೆ. ಇದೆಲ್ಲ ಹೋಗಲಿ, ಆ ಎರಡನೇ ಬ್ರೇಕು! ಎದುರು ಬಸ್ಸು ಕಂಡರೆ ಒತ್ತು, ಸೈಕಲ್ಲು ಕಂಡರೆ ಒತ್ತು, ಏನೂ ಕಾಣದಿದ್ದರೆ ಏಕೆ ಕಾಣುತ್ತಿಲ್ಲವೆಂದು ಒತ್ತು. ಕಾರು ಬಿಕ್ಕಳಿಕೆ ಬಂದವರಂತೆ ಮುಗ್ಗರಿಸಿ ಮುಗ್ಗರಿಸಿ ಸಾಗಿತು. ಪ್ರತಿ ಬಿಕ್ಕಳಿಕೆಗೂ ಅಜ್ಜಿ ಒಂದೊಂದು ಸಲ ನಿನ್ನ ಜಪ ಮಾಡಿದಳು. ದೊಡ್ಡವನಾಗಿದ್ದರೆ ಹೊಟ್ಟೆಯ ನೀರು ಅಲ್ಲಾಡುತ್ತಿರಲಿಲ್ಲವಂತೆ. ದೊಡ್ಡವನು ತಿರುವಿನಲ್ಲಿ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ತಿರುಗಿಸುತ್ತಿದ್ದನಂತೆ. ಬಿಟ್ಟು ಹೋದವರಿಗೆ ಮನೆಯಲ್ಲಿ ಎಷ್ಟು ಬೆಲೆ ನೋಡು. ಇದ್ದು ಚಾಕರಿ ಮಾಡುವವರಿಗೆ ಕೆಂಪು ‘ಎಲ್’.

ಎರಡನೆಯ ದಿನ ಮಧ್ಯಾಹ್ನ ಸಮುದ್ರ ಸಿಕ್ಕಿತು. ಅಮ್ಮ ಅದನ್ನು ನೋಡಿ, ಇಷ್ಟೊಂದು ಯಾಕೆ ಬೇಕಿತ್ತು ಅಂದಳು. ಬೇರೆ ದಿನವಾದರೆ ನಾವೆಲ್ಲ ನಗುತ್ತಿದ್ದೆವು. ಮುಂದೆ ಸಮುದ್ರದ ಪಕ್ಕದ ರಸ್ತೆಯಲ್ಲಿ, ಅತ್ತ ಮರದ ನೆರಳಿನಲ್ಲಿ ಒಂದು ನಾಯಿ ಮಲಗಿತ್ತು. ರಸ್ತೆಗೂ ಅದಕ್ಕೂ ಎಂಟು ಅಡಿ ದೂರ. ಅಪ್ಪ ಒತ್ತಿದರು. ಹಿಂದಿದ್ದ ಲಾರಿ ಕಿರುಚಿಕೊಂಡು ನಮ್ಮ ಡಿಕ್ಕಿಯ ಹತ್ತಿರಕ್ಕೆ ಬಂದು ನಿಂತಿತು. ಅಜ್ಜಿಯ ಹಣೆ ಮುಂದಿನ ಸೀಟಿಗೆ ಬಡಿದು ಬುಗುಟೆ ಎದ್ದಿತು. ನಾಯಿ ಕಣ್ಣು ಕೂಡ ತೆರೆಯಲಿಲ್ಲ. ಸಂಜೆ ಲಾಡ್ಜಿನ ಕೌಂಟರಿಗೆ ಬಂದೆವು. ಅಲ್ಲಿ, ಕೀಲಿ ಹಿಡಿದು ನಿಂತಿದ್ದ ಮ್ಯಾನೇಜರನ ಎದುರಿಗೇ, ಅಣ್ಣ ಹೇಳಿದ್ದೇ ಸರಿ ಅಂದೆ. ಅಷ್ಟೇ ಅಂದದ್ದು. ಅಪ್ಪ ನನ್ನ ಕಡೆ ನೋಡಲಿಲ್ಲ. ರಿಜಿಸ್ಟರಿನಲ್ಲಿ ಬರೆಯುತ್ತಿದ್ದವರು ಬರೆದು ಮುಗಿಸಿದರು. ಆಮೇಲೆ ಓದಿದೆ. ಸಂಬಂಧ ಎಂಬ ಕಾಲಮ್ಮಿನಲ್ಲಿ ಅಜ್ಜಿಗೆ ತಾಯಿ, ಅಮ್ಮನಿಗೆ ಹೆಂಡತಿ, ನನ್ನ ಹೆಸರಿನ ಮುಂದೆ ವಿದ್ಯಾರ್ಥಿನಿ.

ನಿನ್ನ ಮೇಲಾಣೆ, ಅವತ್ತು ಅವರನ್ನು ದ್ವೇಷಿಸಿದೆ. ನಿನ್ನನ್ನು ಅದಕ್ಕಿಂತ ಒಂದು ಹಿಡಿ ಜಾಸ್ತಿ. ಯಾಕೆಂದರೆ ಆ ಮಾತು ನಿನ್ನದು, ಅದನ್ನು ಆಡಿ ಬಸ್ಸು ಹತ್ತಿದವನು ನೀನು, ಬೆಂಕಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಉಳಿದವಳು ನಾನು.

ಈಗ ಮೂರನೆಯ ದಿನದ ಮಹಾಪರ್ವ. ಎದ್ದು ನಿಂತು ಓದತಕ್ಕದ್ದು. ಬೆಟ್ಟ ಹತ್ತಿಯಾಗಿತ್ತು, ಇಳಿಯುವುದಿತ್ತು. ಇಪ್ಪತ್ತೇಳು ಕಡಿದಾದ ತಿರುವು, ಒಂದು ಕಡೆ ಬಂಡೆ, ಇನ್ನೊಂದು ಕಡೆ ಮೋಡ. ಪ್ರತಿ ತಿರುವಿಗೂ ಹಳದಿ ಕಲ್ಲಿನ ಮೇಲೆ ನಂಬರು ಬರೆದಿದ್ದರು. ಅವತ್ತು ಬೆಳಗಿನಿಂದ ಕಾರು ಒಂದು ಸಲವೂ ಮುಗ್ಗರಿಸಿರಲಿಲ್ಲ. ಅಜ್ಜಿ ನಿನ್ನ ಜಪ ಮರೆತು ಬಾಯಿ ತೆರೆದು ನಿದ್ದೆ ಹೋಗಿದ್ದಳು. ನಾನು ಎರಡನೇ ಗೇರಿನಲ್ಲಿ, ಹಾರನ್ನು ಒತ್ತುತ್ತ, ಮೇಲೆ ಬರುವ ಬಸ್ಸಿಗೆ ಜಾಗ ಬಿಡುತ್ತ, ಅಪ್ಪ ಹೇಳಿಕೊಟ್ಟ ಹಾಗೆಯೇ ತಿರುವಿಗೆ ಮುಂಚೆ ನಿಧಾನ, ತಿರುವಿನೊಳಗೆ ಹಗುರ, ಹೀಗೆ ಇಳಿಸುತ್ತಿದ್ದೆ. ಮೊದಮೊದಲು ಅಪ್ಪನ ಮಂಡಿ ಮೇಲೆ ಕೆಳಗೆ ಆಡುತ್ತಲೇ ಇತ್ತು. ಒಂಬತ್ತನೇ ತಿರುವು ದಾಟಿದಾಗ ನಿಂತಿತು. ಒಂದು ಗಳಿಗೆ ಎದುರಿನ ಮೋಡ ನೋಡಿದರು. ಆಮೇಲೆ ಚಪ್ಪಲಿ ಕಳಚಿದರು. ಬಲಗಾಲನ್ನು ಎರಡೂ ಕೈಯಿಂದ ಹಿಡಿದು, ಮಗುವನ್ನು ಎತ್ತಿದ ಹಾಗೆ ನಿಧಾನವಾಗಿ ಎತ್ತಿ ಸೀಟಿನ ಮೇಲಿಟ್ಟರು. ಆಮೇಲೆ ಎಡಗಾಲು. ಚಕ್ಕಳಮಕ್ಕಳ ಹಾಕಿ ಕೂತರು.

ನನಗೆ ಸ್ಟೇರಿಂಗು ಎರಡೆರಡಾಗಿ ಕಂಡಿತು. ಕಣ್ಣು ಒರೆಸಿಕೊಳ್ಳುವ ಹಾಗೂ ಇರಲಿಲ್ಲ, ಹತ್ತನೇ ತಿರುವು ಬಂದಿತ್ತು. ಹಿಂದೆ ಅಮ್ಮ ಮೂಗು ಏರಿಸಿದ್ದು ಕೇಳಿಸಿತು. ಅಪ್ಪ ಕಿಟಕಿಯ ಕಡೆ ಮುಖ ಮಾಡಿದ್ದರು, ಉಳಿದ ಹದಿನೆಂಟು ತಿರುವಿಗೂ ಹಾಗೇ ಇದ್ದರು. ಎಷ್ಟೇ ಆದರೂ ಅಪ್ಪ ತಾನೇ, ಸೋತದ್ದನ್ನು ಮುಖದಲ್ಲಿ ತೋರಿಸುತ್ತಾರೆಯೇ ಅಂದುಕೊಂಡೆ. ನಾಲ್ಕನೆಯ ದಿನ ಮನೆ ಮುಟ್ಟುವವರೆಗೂ ಕಾಲು ಕೆಳಗಿಡಲಿಲ್ಲ. ದಾರಿಯಲ್ಲಿ ಗೇರಿನ ಸಂದೇಶಗಳೂ ಇಲ್ಲ. ಟೀ ಬೇಕಾ ಅಂದರೆ ಟೀ ಕುಡಿದರು. ಮಾರನೆಯ ಬೆಳಿಗ್ಗೆ ನಾನು ಏಳುವ ಮೊದಲೇ ಫಾರಮ್ಮು ನನ್ನ ಚಹಾ ಲೋಟದ ಕೆಳಗಿತ್ತು. ಕಲಿಸುವವರ ಹೆಸರು ಎಂಬಲ್ಲಿ ನನ್ನ ಹೆಸರು, ಕೆಳಗೆ ಅಪ್ಪನ ಸಹಿ. ಅಜ್ಜಿ ಬುಗುಟೆ ಸವರಿಕೊಳ್ಳುತ್ತ, “ಇವಳೂ ಪರವಾಗಿಲ್ಲ ಬಿಡು” ಅಂದಳು. ಈ ವಂಶದಲ್ಲಿ ಹೆಣ್ಣಿಗೆ ಸಿಕ್ಕಿರುವ ಅತಿ ದೊಡ್ಡ ಬಿರುದು ಇದೇ ಇರಬೇಕು.

ಆದ್ದರಿಂದ, ಮಾನ್ಯ ಚಕ್ರವರ್ತಿಗಳೇ, ತಮ್ಮ ಸೀಟು ಭರ್ತಿಯಾಗಿದೆ ಎಂದು ಈ ಮೂಲಕ ಪ್ರಕಟಿಸಲಾಗಿದೆ. ತಾವು ಬರುತ್ತೀರೆಂದು ಅಜ್ಜಿ ತೆಗೆದಿಟ್ಟಿರುವ ಹೊದಿಕೆಯನ್ನು ನಾನೇ ಹೊದೆಯುತ್ತಿದ್ದೇನೆ. ತಮ್ಮ ಶೇವಿಂಗ್ ಕನ್ನಡಿ ಈಗ ಕಾರಿನ ಕೆಳಭಾಗ ನೋಡಲು ಉಪಯೋಗವಾಗುತ್ತಿದೆ. ಬೋರ್ಡಿನ ಮೇಲೆ ‘ಮತ್ತು ಮಗ’ ಎಂದಿರುವಲ್ಲಿ ‘ಮಗ’ನನ್ನು ಅಳಿಸಲು ಪೇಂಟರಿಗೆ ಹೇಳಿದ್ದೇನೆ. ಅವನು ಆ ಜಾಗಕ್ಕೆ ‘ಮಗಳು’ ಹಿಡಿಸುವುದಿಲ್ಲ, ಬೋರ್ಡು ಸಾಲದು ಎಂದ. ದೊಡ್ಡ ಬೋರ್ಡು ಮಾಡು ಎಂದಿದ್ದೇನೆ.

ಅಜ್ಜಿ ನಿನಗೆ ಆಶೀರ್ವಾದ ತಿಳಿಸಲು ಹೇಳಿದ್ದಾಳೆ, ತಿಳಿಸಿದ್ದೇನೆ, ಅದರಲ್ಲಿ ನನ್ನ ಪಾಲೇನೂ ಇಲ್ಲ. ಅಮ್ಮ ಹೊಟ್ಟೆ ತುಂಬ ಊಟ ಮಾಡು ಅಂದಿದ್ದಾಳೆ. ಅಪ್ಪ ಏನೂ ಹೇಳಿಲ್ಲ.

ಇಂತಿ,
ನಿನ್ನ ಬೆನ್ನಿಗೆ ಬಿದ್ದವಳು, ಈಗ ನಿನ್ನನ್ನು ಹಿಂದಿಕ್ಕಿದವಳು

ಬಿಟ್ಟುಹೋದದ್ದು: ಲಕೋಟೆಗೆ ಅಂಟು ಹಚ್ಚಿಯಾಗಿತ್ತು, ಮತ್ತೆ ಬಿಚ್ಚಿದ್ದೇನೆ. ಎರಡನೆಯ ದಿನ ಸಂಜೆ ಲಾಡ್ಜಿನ ಹಿಂದೆ ಕಾರು ನಿಲ್ಲಿಸಿದಾಗ, ಆ ಸಿಟ್ಟಿನಲ್ಲಿ, ಅಪ್ಪನ ಬ್ರೇಕಿನಿಂದ ನನ್ನ ಬ್ರೇಕಿಗೆ ಹೋಗುವ ಸರಳಿನ ಪಿನ್ನು ಎಳೆದುಬಿಟ್ಟೆ. ಒತ್ತಿದರೆ ಪೆಡಲು ಕೆಳಗೆ ಹೋಗುತ್ತದೆ, ಬಿಟ್ಟರೆ ಮೇಲೆ ಬರುತ್ತದೆ, ಕಾರಿಗೆ ಏನೂ ತಿಳಿಯುವುದಿಲ್ಲ. ತಮಾಷೆಗೆ ಮಾಡಿದ್ದು. ಮೊದಲ ಒತ್ತಿಗೇ ಸಡಿಲವಾದದ್ದು ಗೊತ್ತಾಗಿ ಬೈಯುತ್ತಾರೆ, ನಾನು ನಕ್ಕು ಪಿನ್ನು ಹಾಕುತ್ತೇನೆ ಅಂದುಕೊಂಡಿದ್ದೆ. ಗೊತ್ತಾಗಲಿಲ್ಲ. ನಾನೂ ಹೇಳಲಿಲ್ಲ. ಇವತ್ತು ಬೆಳಿಗ್ಗೆ ನಾನು ಬಟ್ಟೆ ಒಣಗಿಸಲು ಹೋದಾಗ ಅಪ್ಪ ಅಮ್ಮನಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು: “ಒತ್ತುತ್ತಾನೇ ಇದ್ದೆ ಕಣೇ, ಕಾರು ಕೇಳಲೇ ಇಲ್ಲ. ಒಂಬತ್ತು ತಿರುವು ನೋಡ್ದೆ. ಕಾಲು ಪೂರ್ತಿ ಹೋಗಿದೆ, ಇನ್ನು ಅಲ್ಲಿಟ್ಟು ಏನು ಮಾಡೋದು ಅಂತ ಎತ್ಬಿಟ್ಟೆ.” ಪ್ರವಾಸದಿಂದ ಬಂದಮೇಲೆ ಮೆಟ್ಟಿಲು ಇಳಿದು ಆಫೀಸಿಗೆ ಬಂದಿಲ್ಲ. ಅಮ್ಮನ ಕೈಯಲ್ಲಿ ಪಾದ ಚಿವುಟಿಸಿಕೊಂಡು ಕೂತಿರುತ್ತಾರೆ. ಫಾರಮ್ಮು ನಾನಿನ್ನೂ ಕೊಟ್ಟಿಲ್ಲ, ಪೇಂಟರಿಗೂ ಹೇಳಿಲ್ಲ, ಮೇಲೆ ಬರೆದದ್ದು ಬರೀ ಜಂಬ. ಅಪ್ಪನಿಗೆ ಪಿನ್ನಿನ ವಿಷಯ ಹೇಳಲು ಎರಡು ಸಲ ಮೇಲೆ ಹೋಗಿ ನೀರು ಕುಡಿದು ವಾಪಸ್ಸು ಬಂದೆ. ಇಪ್ಪತ್ತರೊಳಗೆ ಬಾ, ನೀನು ಪಕ್ಕ ನಿಂತರೆ ಹೇಳುತ್ತೇನೆ. ಅವರ ಕಾಲು ಒತ್ತಿತ್ತು ಅಣ್ಣಾ. ಒಂಬತ್ತು ತಿರುವಿಗೂ, ಎಲ್ಲಿ ಒತ್ತಬೇಕೋ ಸರಿಯಾಗಿ ಅಲ್ಲೇ ಒತ್ತಿತ್ತು. ನಾನು ಅದನ್ನೇ ನೋಡಿಕೊಂಡು ನನ್ನ ಬ್ರೇಕು ಹಿಡಿಯುತ್ತಿದ್ದೆ.