ಅಮ್ಮನ ಕೊಲಂಬೈನ್ ಬೀಜ

ಮೇ ೧೦, ಭಾನುವಾರ ಬೆಳಿಗ್ಗೆ

ನನ್ನ ಮುಂಗೋಪಿಗೆ,

ಹೀಗೆ ಕರೆದರೆ ಕಾಗದ ಹರಿದು ಹಾಕುತ್ತೀಯೇನೋ. ಹರಿಯುವ ಮೊದಲು ಒಂದು ಸುದ್ದಿ ಓದಿಬಿಡು: ನಿನ್ನ ಅಮ್ಮನ ಕೊಲಂಬೈನ್ ಗಿಡ ಹೂ ಬಿಟ್ಟಿದೆ. ಬೆಳೆಸಿದ್ದು ನಾನು. ನಗಬೇಡ.

ಫ್ರಿಜ್ಜಿನಲ್ಲಿದ್ದ ಬೀಜದ ಡಬ್ಬಿಯನ್ನು ನಾನು ಕಸವೆಂದು ಎಸೆದ ದಿನ, ಅಮ್ಮನ ಗಿಡದ ಗುರುತು ಅಷ್ಟೇ ಉಳಿದಿತ್ತೆಂದು ಅಳುತ್ತಾ ನೀನು ಅಕ್ಕನ ಮನೆಗೆ ಹೋದೆಯಲ್ಲ, ಉಳಿದಿದ್ದು ಅಷ್ಟೇ ಅಲ್ಲ. ಅಂಗಿಗೆ ಗುಂಡಿ ಹುಡುಕುತ್ತಾ ಅಮ್ಮನ ಹೊಲಿಗೆ ಪೆಟ್ಟಿಗೆ ತಡಕಿದಾಗ ತಳದಲ್ಲಿ ಇನ್ನೊಂದು ಪೊಟ್ಟಣ ಸಿಕ್ಕಿತು. ಸಾಸಿವೆ ಗಾತ್ರದ, ಮಿರಿಮಿರಿ ಮಿನುಗುವ ಕಪ್ಪು ಬೀಜ.

ನೀನು ಮಾಡುತ್ತಿದ್ದಂತೆಯೇ ಅರ್ಧ ಬೀಜವನ್ನು ಒದ್ದೆ ಕಾಗದದಲ್ಲಿ ಸುತ್ತಿ ಒಂದು ತಿಂಗಳು ಫ್ರಿಜ್ಜಿನಲ್ಲಿಟ್ಟೆ. ಆಮೇಲೆ ಕುಂಡಕ್ಕೆ ಹಾಕಿ, ಎರಡು ಬೆರಳು ಮಣ್ಣು ಮುಚ್ಚಿ, ಗಟ್ಟಿಯಾಗಿ ಒತ್ತಿದೆ. ಪುಸ್ತಕಕ್ಕೆ ಬೈಂಡು ಹಾಕುವವನ ಕೈ, ಏನು ಸಿಕ್ಕಿದರೂ ಒತ್ತುತ್ತದೆ. ನಲವತ್ತು ದಿನ ಕಾದರೂ ಒಂದು ಮೊಳಕೆಯಿಲ್ಲ. ನರ್ಸರಿಯಾಕೆಯನ್ನು ಕೇಳಿದರೆ, ಇದು ಬೆಳಕು ಕಂಡರಷ್ಟೇ ಮೊಳೆಯುವ ಬೀಜ, ನೀವು ಬಿತ್ತಿಲ್ಲ, ಹೂತುಹಾಕಿದ್ದೀರಿ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಉಳಿದರ್ಧವನ್ನೂ ತಂಪಿನಲ್ಲಿಟ್ಟು, ಮಣ್ಣಿನ ಮೇಲೆ ಸುಮ್ಮನೆ ಉದುರಿಸಿ, ನೀರು ಚಿಮುಕಿಸಿದೆ. ಏಳು ಮೊಳೆತವು. ಕಳೆದ ವರ್ಷವಿಡೀ ಬರೀ ಎಲೆ. ಚಳಿಗೆ ಅದೂ ಒಣಗಿತು. ಸತ್ತವೆಂದು ಕಿತ್ತೆಸೆಯಲು ಹೋದವನು ನಿನ್ನ ನೆನಪಾಗಿ ಕೈ ಹಿಂದಕ್ಕೆ ತೆಗೆದೆ.

ಈಗ ನಾಲ್ಕು ಗಿಡದಲ್ಲಿ ಹೂವಿದೆ. ಅಮ್ಮನ ನೀಲಿ ಬಂದಿದ್ದು ಒಂದರಲ್ಲಿ ಮಾತ್ರ; ಉಳಿದವು ಬಿಳಿ, ಗುಲಾಬಿ. ಅಮ್ಮನ ಗಿಡಕ್ಕೆ ಪಕ್ಕದ ಬೇರೆ ಬಣ್ಣದ ಹೂಗಳ ಪರಾಗ ಬೆರೆತಿರಬೇಕು ಎಂದಳು ನರ್ಸರಿಯಾಕೆ. ಎಲ್ಲವೂ ತಲೆ ತಗ್ಗಿಸಿಕೊಂಡು ನಿಂತಿವೆ, ನನ್ನ ಹಾಗೆ.

ನೀಲಿಯದನ್ನು ನಿನಗೆ ಕಳಿಸೋಣವೆಂದರೆ, ಅದರ ಬೇರು ಆಳ, ಜಾಗ ಬದಲಿಸಿದರೆ ಬದುಕುವುದು ಕಷ್ಟವಂತೆ. ನೀನೇ ಬಂದು ನೋಡಬೇಕು. ನೀನಿಲ್ಲದೆ ಈ ಮನೆಯಲ್ಲಿ ನನಗೆ ಏನೂ ಸೇರುವುದಿಲ್ಲ ಕಣೇ. ಇಷ್ಟು ಬರೆಯಲು ಒಂದೂವರೆ ವರ್ಷ ಬೇಕಾಯಿತು.

ನಿನ್ನ,
ಅಂಟುಗೈಯವನು

ತಾ.ಕ.: ಕಸವೆಂದು ಎಸೆದೆ ಎಂದು ಮೇಲೆ ಮತ್ತೆ ಅದೇ ಸುಳ್ಳು ಬರೆದಿದ್ದೇನೆ. ಹೊಡೆದುಹಾಕಿಲ್ಲ, ನೀನು ನೋಡಲಿ ಎಂದು ಹಾಗೇ ಬಿಟ್ಟೆ. ಡಬ್ಬಿಯ ಮುಚ್ಚಳದ ಮೇಲೆ ‘ಅಮ್ಮನದು’ ಎಂದು ನೀನು ಬರೆದಿದ್ದನ್ನು ಓದಿಯೇ ಎಸೆದೆ. ಅಮ್ಮ ಹೋದ ಮೇಲೆ ನೀನು ನನ್ನೊಡನೆ ಮಾತು ಬಿಟ್ಟು ದಿನಾ ಅದನ್ನೇ ತೆಗೆದು ನೋಡುತ್ತಿದ್ದೆಯಲ್ಲ, ನನಗೆ ಹೊಟ್ಟೆ ಉರಿಯಿತು. ತಪ್ಪು ನನ್ನದೇ. ಇದನ್ನು ಓದಿದ ಮೇಲೂ ಬರುವ ಮನಸ್ಸಾದರೆ, ಹೂವು ಇನ್ನೆರಡು ವಾರ ಇರುತ್ತದೆ.