ಗೌರವ್ವನ ತೊಲೆಯನ್ನು ತಿಂದದ್ದು ಗೆದ್ದಲಲ್ಲ

ಪಂಚನಾಮೆ ಬರೆದ ಮಾನ್ಯ ಇಂಜಿನಿಯರ್ ಸಾಹೇಬರೇ,

ಗೌರವ್ವನ ಮನೆಯ ತೊಲೆಗೆ ಗೆದ್ದಲು ಹತ್ತಿದೆ ಎಂದು ಬರೆದು ಸಹಿ ಹಾಕಿ ಹೋದಿರಿ. ಹನ್ನೊಂದನೆಯ ದಿನ ತೊಲೆ ಬಿತ್ತು. ಪಾಪ, ಗೆದ್ದಲು ಆ ಮನೆಗೆ ಬಂದೇ ಇರಲಿಲ್ಲ.

ನಾನು ಜತ್ತ ತಾಲೂಕಿನಲ್ಲಿ ಮೂವತ್ತು ವರ್ಷಗಳಿಂದ ಬಡಿಗತನ ಮಾಡುತ್ತಿರುವವನು. ಕೋಣೆಯಲ್ಲಿ ಅಣಬೆಯ ವಾಸನೆ ಬರುತ್ತಿದೆ ಎಂದು ಗೌರವ್ವ ನನ್ನನ್ನು ಕರೆದಳು. ಗೋಡೆಯ ಹಿಂದೆ ಎರಡು ವರ್ಷದಿಂದ ಸೋರುತ್ತಿದ್ದ ಸರ್ಕಾರಿ ನಳ. ತೊಲೆಯ ತುದಿ ಕಂದು ಬಣ್ಣಕ್ಕೆ ತಿರುಗಿ, ಒಣಗಿದ ಕೆರೆಯಂತೆ ಚೌಕ ಚೌಕವಾಗಿ ಬಿರಿದಿತ್ತು. ಬೆರಳಲ್ಲಿ ತಿಕ್ಕಿದರೆ ಪುಡಿ. ಗೋಡೆ ಸೇರುವಲ್ಲಿ ಹತ್ತಿಯಂಥ ಬಿಳಿ ಬೂಷ್ಟು. ಗೆದ್ದಲಾದರೆ ಮಣ್ಣಿನ ದಾರಿ ಬಿಡುತ್ತದೆ. ಇಲ್ಲಿ ಒಂದು ಚಿಟಿಕೆ ಮಣ್ಣೂ ಇರಲಿಲ್ಲ; ಇದು ಹಸಿ ಮರಕ್ಕೆ ಹತ್ತುವ ಬೂಷ್ಟಿನ ಕೊಳೆ. ಗೌರವ್ವನ ದೂರಿನ ಮೇಲೆ ಬಂದ ತಾವು ನನ್ನೆದುರೇ ಒತ್ತಿ ನೋಡಿದಾಗ ತಮ್ಮ ಪೆನ್ನು ಅರ್ಧ ಒಳಗೆ ಹೋಯಿತು. ಆದರೂ ಏನಂದಿರಿ?

“ಒರಲಿ ಹತ್ತೈತಿ. ಜತ್ತ ಅಂದ್ರ ದುಷ್ಕಾಳದ ತಾಲೂಕು, ಇಲ್ಲಿ ಹಸಿ ಎಲ್ಲಿಂದ ಬರಬೇಕು?”

ಹಾಗನ್ನುವಾಗ ತಮ್ಮ ಬೂಟು ಆ ನಳದ ಕೆಸರಿನಲ್ಲೇ ಇತ್ತು.

“ನಳಾ ನಿಮ್ದು, ನೀರೂ ನಿಮ್ದು, ಒರಲಿ ಅಷ್ಟ ನಂದೇನ್ರಿ ಸಾಹೇಬ್ರ?” ಎಂದಳು ಗೌರವ್ವ. ತಾವು ಅದನ್ನು ಬರೆದುಕೊಳ್ಳಲಿಲ್ಲ; ಫಾರಮಿನಲ್ಲಿ ‘ಗೆದ್ದಲು’ ಎಂದು ತಾವು ಬರುವಾಗಲೇ ತುಂಬಿತ್ತು. ಇನ್ನೊಬ್ಬ ಸಾಹೇಬರು ನೋಡುವ ತನಕ ತೊಲೆ ಮುಟ್ಟಬೇಡಿ ಎಂದು ಮಾತ್ರ ಹೇಳಿದಿರಿ.

ನಾನು ಆಸರೆಗೆ ಒಂದು ಕಂಬ ಕೊಟ್ಟು, “ಕೂಸಿನ ತೊಟ್ಟಲಾ ಇಲ್ಲಿ ಬ್ಯಾಡ ಯವ್ವಾ” ಎಂದೆ. ಗೌರವ್ವ ಅಂದೇ ತೊಟ್ಟಿಲನ್ನು ಪಡಸಾಲೆಗೆ ಎಳೆದಳು. ಹನ್ನೊಂದನೆಯ ದಿನ ಮಧ್ಯಾಹ್ನ, ಆಸರೆಯ ಕಂಬವಿದ್ದರೂ, ತೊಲೆ ಗೋಡೆಯಿಂದ ಜಾರಿತು. ಮಾಳಿಗೆಯ ಮಣ್ಣು ತೊಟ್ಟಿಲಿದ್ದ ಜಾಗದಲ್ಲೇ ಸುರಿಯಿತು. ಸೊಸೆ ಉಮಾಶ್ರೀ ಅಳಲಿಲ್ಲ. ಸಂಜೆಯ ತನಕ ಕೂಸನ್ನು ಯಾರ ಕೈಗೂ ಕೊಡದೆ ಕುಳಿತಿದ್ದಳು.

ಇನ್ನೊಬ್ಬ ಸಾಹೇಬರು ಇವತ್ತಿಗೂ ಬಂದಿಲ್ಲ. ಓಣಿಯ ಬೀರು ಸೈಕಲ್ ಟ್ಯೂಬು ಬಿಗಿದು ನಳ ನಿಲ್ಲಿಸಿದ. ಕಿಟಕಿ ತೆರೆದಿಟ್ಟು ತಿಂಗಳ ತನಕ ಗೋಡೆ ಒಣಗಿಸಿದೆವು. ಕೊಳೆತದ್ದನ್ನು, ಅದರಾಚೆಗೆ ಒಂದು ಮೊಳ ಗಟ್ಟಿ ಮರವನ್ನೂ ಸೇರಿಸಿ ಕೊಯ್ದು ಸುಟ್ಟೆ. ಚೆನ್ನಾಗಿ ಒಣಗಿದ ಹೊಸ ತೊಲೆಯ ತುದಿಯನ್ನು ಮಣ್ಣಿಗೆ ತಾಗಿಸದೆ, ಕಲ್ಲಿನ ಮೇಲೆ, ಸುತ್ತ ಗಾಳಿಯಾಡುವಂತೆ ಕೂರಿಸಿದೆ. ಎಣ್ಣೆ ಬಣ್ಣ ಬಳಿದರೆ ಈ ಕೊಳೆ ನಿಲ್ಲುವುದಿಲ್ಲ, ನೀರು ಸೋರುವುದು ನಿಂತರೆ ನಿಲ್ಲುತ್ತದೆ. ಇದಕ್ಕೆ ಇಂಜಿನಿಯರಿಂಗ್ ಓದಬೇಕೇ?

ಟ್ಯೂಬು ಈಗ ಮತ್ತೆ ಸೋರುತ್ತಿದೆ. ಪಕ್ಕದ ಯಲ್ಲವ್ವನ ಬಾಗಿಲ ಚೌಕಟ್ಟು ಮೆತ್ತಗಾಗಿದೆ. ಆ ಮನೆಯಲ್ಲಿ ನಾಲ್ಕು ಜನ ಮಲಗುತ್ತಾರೆ. ಈ ವಾರದೊಳಗೆ ನಳ ದುರಸ್ತಿಯಾಗಬೇಕು, ಗೌರವ್ವನ ಪಂಚನಾಮೆ ತಿದ್ದಬೇಕು, ಯಲ್ಲವ್ವನ ಮನೆಯನ್ನು ತಾವೇ ಬಂದು ನೋಡಬೇಕು. ಬರುವಾಗ ದಯವಿಟ್ಟು ಫಾರಮನ್ನು ಖಾಲಿ ತನ್ನಿ.

ಇಂತಿ,
ಸಹಿಗಿಂತ ಉಳಿಯಲ್ಲೇ ಕೈ ಪಳಗಿದ
ನಾಗನಾಥ ಬಡಿಗೇರ